ಲೋಡ್ ಬಟನ್ ಮರೆಸಿದ ಗೇಮ್: ಮೂರು ಆರ್‌ಪಿಜಿಗಳನ್ನು ಆಡಿ ನೋಡಿದ ಮೇಲೆ

ಆರ್‌ಪಿಜಿ ಅಂದರೆ ನಾವೇ ಒಂದು ಪಾತ್ರವಾಗಿ, ಆಯ್ಕೆಗಳನ್ನು ಮಾಡುತ್ತಾ ಕಥೆಯೊಳಗೆ ಸಾಗುವ ಗೇಮ್. ಮೊದಲೇ ಹೇಳಿಬಿಡುತ್ತೇನೆ, ನಾನು ಆಡಿದ ಈ ಮೂರರಲ್ಲಿ ನನ್ನ ಆಯ್ಕೆ ಡಿಸ್ಕೋ ಎಲಿಸಿಯಮ್. ದಿ ವಿಚರ್ 3 ಮತ್ತು ಬಾಲ್ಡರ್ಸ್ ಗೇಟ್ 3 ಎರಡೂ ದೊಡ್ಡ ಗೇಮ್‌ಗಳು, ಒಳ್ಳೆಯ ಗೇಮ್‌ಗಳು. ಅವಕ್ಕೆ ಕೊಟ್ಟ ದುಡ್ಡು ದಂಡವಾಯಿತು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಗೇಮ್ ಆಡುವ ಆಸೆಯೇ ಬತ್ತಿಹೋಗಿದ್ದಾಗ ಅದನ್ನು ಮತ್ತೆ ಚಿಗುರಿಸಿದ್ದು ಡಿಸ್ಕೋ ಎಲಿಸಿಯಮ್.

ಬತ್ತಿಹೋದ ಕಥೆ ಚಿಕ್ಕದು. ತುಂಬಾ ಪ್ರಚಾರ ಪಡೆದಿದ್ದ ಒಂದು ಆರ್‌ಪಿಜಿಯನ್ನು ಬಿಡುಗಡೆಗೆ ಮೊದಲೇ ಬುಕ್ ಮಾಡಿದ್ದೆ. ಹೆಸರು ಬೇಡ. ಜಾಸ್ತಿ ಬೆಲೆಯ ಎಡಿಷನ್ನೇ ತಗೊಂಡಿದ್ದೆ. ಮ್ಯಾಪ್ ತೆರೆದರೆ ಇರುವೆ ಮುತ್ತಿದ ಹಾಗೆ ಐಕಾನ್‌ಗಳು. ಒಂದು ಕೋಟೆ ಗೆದ್ದು ಬಂದರೆ ಅಂಥದ್ದೇ ಇನ್ನೊಂದು ಕೋಟೆ. ಲೆವೆಲ್ ಏರುವುದು ಬಲು ನಿಧಾನ. ಬೇಗ ಏರಬೇಕಾ, ಇನ್ನೂ ಸ್ವಲ್ಪ ದುಡ್ಡು ಕೊಡಿ ಅಂತ ಗೇಮ್ ಒಳಗೇ ಒಂದು ಅಂಗಡಿ. ನಲವತ್ತು ಗಂಟೆ ಆಡಿದ ಮೇಲೆ ಒಂದು ರಾತ್ರಿ ಸುಮ್ನೆ ಕೂತು ಯೋಚಿಸಿದೆ. ಈ ಕಥೆಯಲ್ಲಿ ಯಾರ ಹೆಸರು ನನಗೆ ನೆನಪಿದೆ? ಒಬ್ಬರದ್ದೂ ಇಲ್ಲ. ಅವತ್ತು ಡ್ರಾಯರ್‌ಗೆ ಹಾಕಿದ ಕಂಟ್ರೋಲರ್ ಒಂದೂವರೆ ವರ್ಷ ಅಲ್ಲೇ ಇತ್ತು. ವಯಸ್ಸಾಯ್ತು, ಇನ್ನು ಇದು ನನಗಲ್ಲ ಅಂತ ನಂಬಿಬಿಟ್ಟಿದ್ದೆ. ಚಿಕ್ಕಂದಿನಿಂದ ಜೊತೆಗಿದ್ದ ಒಂದು ಖುಷಿ ಹೀಗೆ ಸದ್ದಿಲ್ಲದೆ ಹೊರಟುಹೋದರೆ ಬೇಜಾರಾಗುತ್ತೆ, ಅಲ್ವಾ?

ಮತ್ತೆ ಶುರು ಮಾಡಿದ್ದು ವಿಚರ್ 3ರಿಂದ. 2015ರ ಮೇ ತಿಂಗಳಲ್ಲಿ ಬಂದ ಗೇಮ್. ಹಳೆಯದಾದ್ದರಿಂದ ಸೇಲ್‌ನಲ್ಲಿ ತುಂಬಾ ಕಡಿಮೆಗೆ ಸಿಕ್ಕಿತು. ಶುರುವಿನ ವೈಟ್ ಆರ್ಚರ್ಡ್ ಹಳ್ಳಿಯಲ್ಲಿ ಒಬ್ಬಳು ಅಜ್ಜಿ ಒಂದು ಗುಡಿಸಲ ಬಾಗಿಲು ಬಡಿಯುತ್ತಾ ನಿಂತಿರುತ್ತಾಳೆ. ಯಾರೋ ಅವಳ ಬಾಣಲೆ ಎರವಲು ತಗೊಂಡು ಹೋಗಿದ್ದಾರೆ, ಅದು ವಾಪಸ್ ಬೇಕು. ಅಷ್ಟೇ ಕ್ವೆಸ್ಟ್, ಅಂದರೆ ಗೇಮ್ ನಮಗೆ ಒಪ್ಪಿಸುವ ಕೆಲಸ. ನಾವು ಆಡುವ ಪಾತ್ರ, ರಾಕ್ಷಸರನ್ನು ಬೇಟೆಯಾಡುವ ಗೆರಾಲ್ಟ್, ಬಾಣಲೆ ಹುಡುಕಲು ಹೋಗುತ್ತಾನೆ. ಒಳಗೆ ಬಾಣಲೆಯ ಜೊತೆ ಒಂದು ಹೆಣವೂ ಸಿಗುತ್ತದೆ. ಯುದ್ಧ ಆ ಊರಿನ ಮೇಲೆ ಹಾದುಹೋದದ್ದು ಐದೇ ನಿಮಿಷದಲ್ಲಿ, ಒಂದು ಬಾಣಲೆಯ ನೆಪದಲ್ಲಿ ಗೊತ್ತಾಗುತ್ತದೆ. ಮುಖ್ಯ ಕಥೆಗೆ ಸೇರದ ಒಂದು ಚಿಕ್ಕ ಸೈಡ್ ಕ್ವೆಸ್ಟ್‌ಗೆ ಇಷ್ಟು ಕಾಳಜಿ ವಹಿಸಿ ಬರೆದಿದ್ದಾರಲ್ಲಾ ಅಂತ ಮನಸ್ಸು ತುಂಬಿ ಬಂತು.

ವಿಚರ್ 3ರಲ್ಲಿ ನನಗೆ ಸಿಕ್ಕ ದೊಡ್ಡ ಪಾಠ ವೆಲೆನ್ ಎಂಬ ಪ್ರದೇಶದ ಒಡೆಯ ಬ್ಯಾರನ್‌ನ ಕಥೆಯಲ್ಲಿದೆ. ಒಂದು ಗುಡ್ಡದ ಕೆಳಗೆ, ಮರದ ಬೇರಿನಲ್ಲಿ ಸಿಕ್ಕಿಬಿದ್ದಿರುವ ಒಂದು ಆತ್ಮವಿದೆ. ಅದನ್ನು ಬಿಡಿಸಬೇಕಾ, ಕೊಲ್ಲಬೇಕಾ? ನೀವು ಒಂದನ್ನು ಆರಿಸುತ್ತೀರಿ, ಮುಂದೆ ಹೋಗುತ್ತೀರಿ, ಮರೆತೂ ಬಿಡುತ್ತೀರಿ. ಅದರ ಫಲ ಎಷ್ಟೋ ಹೊತ್ತಾದ ಮೇಲೆ ಬೇರೆ ಯಾರದೋ ಮನೆಯ ಮೇಲೆ ಬೀಳುತ್ತದೆ. ಏನಾಗುತ್ತದೆ ಅಂತ ಹೇಳುವುದಿಲ್ಲ, ಆಡದವರು ಆಡಿಯೇ ನೋಡಬೇಕು. ಅಷ್ಟು ಹೊತ್ತಿಗೆ ಹಳೆಯ ಸೇವ್ ಲೋಡ್ ಮಾಡಿ, ಅಂದರೆ ಮೊದಲು ಉಳಿಸಿಟ್ಟ ಹಂತಕ್ಕೆ ವಾಪಸ್ ಹೋಗಿ, ತಿದ್ದೋಣ ಅಂದರೆ ಗಂಟೆಗಟ್ಟಲೆ ಆಟ ಹೋಗುತ್ತದೆ. ಹಾಗಾಗಿ ಮಾಡಿದ್ದನ್ನು ಹೊತ್ತುಕೊಂಡು ನಡೆಯಬೇಕು.

ಇಷ್ಟೆಲ್ಲ ಇದ್ದೂ ಇದು ಮೊದಲ ಸ್ಥಾನಕ್ಕೆ ಬರಲಿಲ್ಲ. ಸ್ಕೆಲಿಗೆ ದ್ವೀಪಗಳಿಗೆ ಹೋದಾಗ ಮ್ಯಾಪ್‌ನಲ್ಲಿ ಸಮುದ್ರದ ತುಂಬಾ ಪ್ರಶ್ನೆ ಚಿಹ್ನೆಗಳು. ಹೆಚ್ಚಿನವು ನೀರಲ್ಲಿರುವ ಕಳ್ಳಸಾಗಣೆ ಮಾಲಿನ ಪೆಟ್ಟಿಗೆಗಳು. ದೋಣಿ ನಡೆಸು, ಧುಮುಕು, ಪೆಟ್ಟಿಗೆ ತೆಗೆ, ಮತ್ತೆ ದೋಣಿ ಹತ್ತು. ಅವನ್ನು ಮುಟ್ಟಲೇಬೇಕು ಅಂತ ಯಾರೂ ಹೇಳಿಲ್ಲ. 2022ರ ಡಿಸೆಂಬರ್ ಅಪ್‌ಡೇಟ್ ಬಂದ ಮೇಲೆ ಮ್ಯಾಪ್‌ನಲ್ಲಿ ಅವನ್ನು ಮರೆಮಾಡುವ ಅನುಕೂಲವೂ ಇದೆ. ಆದರೆ ಹಳೆಯ ಗೇಮ್ ಕಲಿಸಿದ ಚಾಳಿ ನನ್ನ ಕೈ ಬಿಟ್ಟಿರಲಿಲ್ಲ. ಮೂರು ಸಂಜೆ ಪೆಟ್ಟಿಗೆ ತೆಗೆದೆ. ನಾಲ್ಕನೇ ಸಂಜೆ ಗೇಮ್ ತೆರೆಯಲಿಲ್ಲ.

ಆಮೇಲೆ ಬಂದದ್ದು ಬಾಲ್ಡರ್ಸ್ ಗೇಟ್ 3. 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾಗಿ, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿ ಪಡೆದದ್ದು. ಮೇಜಿನ ಸುತ್ತ ಕೂತು ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಐದನೇ ಆವೃತ್ತಿಯ ನಿಯಮಗಳ ಮೇಲೆ ಕಟ್ಟಿದ್ದಾರೆ. ಏನಾದರೂ ಕಷ್ಟದ ಕೆಲಸ ಮಾಡಲು ಹೋದರೆ, ಯಾರನ್ನಾದರೂ ಒಪ್ಪಿಸಲು ಹೋದರೆ, ಪರದೆಯ ಮೇಲೆ 20 ಮುಖದ ದಾಳ ಉರುಳುತ್ತದೆ. ಜೊತೆಗಾರರು ಅದ್ಭುತ. ಕಾರ್ಲಾಕ್‌ಳನ್ನು ಇಷ್ಟಪಡದವರನ್ನು ನಾನಿನ್ನೂ ನೋಡಿಲ್ಲ. ಡಿಸ್ಕ್‌ನಲ್ಲಿ 150 ಜಿಬಿ ಜಾಗ ಬೇಕು, ಅದಕ್ಕಾಗಿ ಬೇರೆಲ್ಲ ಗೇಮ್ ಅಳಿಸಿದೆ.

ನನಗೆ ಎಡವಟ್ಟಾದದ್ದು ಆ ದಾಳದ ಹತ್ತಿರವೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನನ್ನ ಇಡೀ ಹೋಲಿಕೆ ನಿಂತಿರುವುದು ಇದರ ಮೇಲೆ.

ಎಮರಾಲ್ಡ್ ಗ್ರೋವ್ ಅನ್ನೋ ಜಾಗದಲ್ಲಿ ಅರಬೆಲ್ಲಾ ಎಂಬ ಪುಟ್ಟ ಹುಡುಗಿ ಕಳ್ಳತನ ಮಾಡಿ ಸಿಕ್ಕಿಬಿದ್ದಿದ್ದಾಳೆ. ಕಾಗಾ ಎಂಬುವಳು ಅವಳ ಮುಂದೆ ಹಾವು ಬಿಟ್ಟು ಕಾವಲಿಟ್ಟಿದ್ದಾಳೆ. ಹುಡುಗಿ ನಡುಗುತ್ತಿದ್ದಾಳೆ. ಬಿಟ್ಟುಬಿಡು ಅಂತ ಕಾಗಾಳನ್ನು ಒಪ್ಪಿಸಬೇಕು. ದಾಳ ಉರುಳಿಸಿದೆ. 6 ಬಿತ್ತು, ಸಾಲಲಿಲ್ಲ. ಹುಡುಗಿ ಹೆದರಿ ಓಡಲು ಹೋದಳು, ಹಾವು ಕಚ್ಚಿತು. ಸತ್ತೇಹೋದಳು.

ಕೈ ತಾನಾಗಿಯೇ ಎಫ್8ಗೆ ಹೋಯಿತು. ಅದು ಕ್ವಿಕ್ ಲೋಡ್, ಕೊನೆಯ ಸಲ ಉಳಿಸಿದ ಜಾಗಕ್ಕೆ ತಕ್ಷಣ ವಾಪಸ್ ಕರೆದೊಯ್ಯುವ ಕೀ. ಮತ್ತೆ ಉರುಳಿಸಿದೆ, ಮತ್ತೆ ಸತ್ತಳು. ಮತ್ತೆ ಎಫ್8. ನಾಲ್ಕನೇ ಸಲ 17 ಬಿತ್ತು. ಹುಡುಗಿ ಅಪ್ಪ ಅಮ್ಮನ ಹತ್ತಿರ ಓಡಿದಳು. ಆ ತಾಯಿ ಕೃತಜ್ಞತೆಯಿಂದ ತನ್ನ ಲಾಕೆಟ್ ತೆಗೆದು ನನಗೆ ಕೊಟ್ಟಳು. ಎಷ್ಟು ಚೆನ್ನಾಗಿ ಮಾಡಿದ ದೃಶ್ಯ ಅದು! ಆದರೆ ನನಗೆ ಏನೂ ಅನಿಸಲಿಲ್ಲ. ಅವಳು ಮೂರು ಸಲ ಸತ್ತದ್ದನ್ನು ನೋಡಿದ್ದೆನಲ್ಲ. ಆ ಲಾಕೆಟ್ ನನಗೆ ಸೇರಿದ್ದೇ ಅಲ್ಲ ಅನಿಸಿತು.

ಆಮೇಲೆ ಇದೇ ಅಭ್ಯಾಸವಾಯಿತು. ಬೀಗ ತೆಗೆಯುವಾಗ ತಪ್ಪಿದರೆ ಎಫ್8. ಸುಳ್ಳು ಸಿಕ್ಕಿಬಿದ್ದರೆ ಎಫ್8. ಒಂದು ಮಾತುಕತೆಗೆ ಮೊದಲು ಎಫ್5 ಒತ್ತಿ ಸೇವ್ ಮಾಡುವುದು ಉಸಿರಾಡಿದಷ್ಟು ಸಹಜವಾಯಿತು. ಸೋತಾಗ ದಾಳವನ್ನು ಮತ್ತೆ ಉರುಳಿಸಲು ಗೇಮ್ ತಾನೇ ಇನ್‌ಸ್ಪಿರೇಷನ್ ಪಾಯಿಂಟ್‌ಗಳನ್ನು ಕೊಡುತ್ತದೆ. ಅದು ಸಾಲದು ಅಂತ ನಾನು ಲೋಡ್ ಮಾಡುತ್ತಿದ್ದೆ. ಸೋಲು ಅಂದರೆ ಒಂದು ಬಾಗಿಲು ಮುಚ್ಚುತ್ತದೆ, ಒಬ್ಬ ಮನುಷ್ಯ ಕಥೆಯಿಂದ ಹೋಗಿಬಿಡುತ್ತಾನೆ, ಏನೋ ಕಳೆದುಕೊಳ್ಳುತ್ತೇನೆ ಅನ್ನೋ ಭಯ. ಆ ಭಯಕ್ಕೆ ಕಾರಣವೂ ಇದೆ. ಬಾಲ್ಡರ್ಸ್ ಗೇಟ್ 3ರಲ್ಲಿ ಕಳೆದುಕೊಳ್ಳಲು ನಿಜವಾಗಿಯೂ ಬೇಕಾದಷ್ಟಿದೆ.

ಒಂದೇ ಸೇವ್‌ನಲ್ಲಿ ಆಡಿಸುವ ಆನರ್ ಮೋಡ್ 2023ರ ಕೊನೆಯಲ್ಲಿ ಬಂತು. ಅದು ಕಷ್ಟದ ಯುದ್ಧ ಬಯಸುವವರಿಗೆ. ನನ್ನ ತೊಂದರೆ ಯುದ್ಧದ್ದಾಗಿರಲಿಲ್ಲ. ಕಥೆಯ ಎರಡನೇ ಭಾಗ ಮುಟ್ಟುವ ಹೊತ್ತಿಗೆ ಸುಸ್ತಾಗಿ ನಿಲ್ಲಿಸಿದೆ.

ಡಿಸ್ಕೋ ಎಲಿಸಿಯಮ್ ನನ್ನ ಲೈಬ್ರರಿಯಲ್ಲಿ ಎಷ್ಟೋ ಕಾಲದಿಂದ ಬಿದ್ದಿತ್ತು. 2019ರ ಅಕ್ಟೋಬರ್‌ನಲ್ಲಿ ಬಂದದ್ದು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ನಾಲ್ಕು ಪ್ರಶಸ್ತಿ ಗೆದ್ದಿತ್ತು. ಯುದ್ಧವೇ ಇಲ್ಲದ ಆರ್‌ಪಿಜಿ ಅಂತ ಕೇಳಿ ಪಕ್ಕಕ್ಕಿಟ್ಟಿದ್ದೆ. ಕುಡಿದು ಕುಡಿದು ತನ್ನ ಹೆಸರೇ ಮರೆತಿರುವ ಒಬ್ಬ ಪೊಲೀಸ್ ಪತ್ತೇದಾರ ಹೋಟೆಲ್ ಕೋಣೆಯ ನೆಲದ ಮೇಲೆ ಏಳುತ್ತಾನೆ. ಅವನ ಟೈ ಸೀಲಿಂಗ್ ಫ್ಯಾನ್‌ನಲ್ಲಿ ಸುತ್ತುತ್ತಿರುತ್ತದೆ. ದೇಹಶಕ್ತಿ ಕಮ್ಮಿ ಇಟ್ಟುಕೊಂಡಿದ್ದರೆ, ಆ ಟೈ ತೆಗೆಯಲು ಹೋಗಿಯೇ ಎದೆ ಒಡೆದು ಸಾಯಬಹುದು. ನಾನು ಸತ್ತೆ. ಗೇಮ್ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಗೇಮ್ ಮುಂದೆ ಕೂತು ಬಾಯಿ ತುಂಬಾ ನಕ್ಕೆ.

ಎದ್ದು ಕೆಳಗೆ ಬಂದರೆ ಮ್ಯಾನೇಜರ್ ಗಾರ್ಟ್ ನಿಂತಿದ್ದಾನೆ. ಕೋಣೆಯ ಬಾಡಿಗೆ ಬಾಕಿ, ಒಡೆದ ಕಿಟಕಿಯ ಲೆಕ್ಕ ಬಾಕಿ. ಜೇಬಿನಲ್ಲಿ ಕಾಸಿಲ್ಲ. ಒಂದು ಆಯ್ಕೆ ಬರುತ್ತದೆ: ಓಡಿಹೋಗು. ದಾಳ ಹಾಕಿದೆ, ಸೋತೆ. ನಮ್ಮ ಪತ್ತೇದಾರ ಓಡುತ್ತಾ ಗಾಳಿಯಲ್ಲೇ ತಿರುಗಿ, ಎರಡೂ ಕೈಯಲ್ಲಿ ಮಧ್ಯದ ಬೆರಳು ಎತ್ತಿ ತೋರಿಸಿ, ಹಿಮ್ಮುಖವಾಗಿ ಹಾರಿ, ಗಾಲಿಕುರ್ಚಿಯಲ್ಲಿ ಕೂತಿದ್ದ ವಯಸ್ಸಾದ ಹೆಂಗಸಿಗೆ ಡಿಕ್ಕಿ ಹೊಡೆದ. ಅದನ್ನು ಒಂದೊಂದು ಸಾಲಾಗಿ, ಉಸಿರು ಬಿಗಿಹಿಡಿಸುವ ಹಾಗೆ ಬರೆದಿದ್ದಾರೆ. ಪಕ್ಕದಲ್ಲಿ ಇದನ್ನೆಲ್ಲ ನೋಡುತ್ತಾ ಕಿಮ್ ಕಿತ್ಸುರಾಗಿ ನಿಂತಿದ್ದಾನೆ. ನಮ್ಮ ಜೊತೆಗಾರ, ಶಿಸ್ತಿನ ಮನುಷ್ಯ. ಅವನ ಎದುರು ನನಗೇ ನಾಚಿಕೆಯಾಯಿತು.

ಅವತ್ತು ಕ್ವಿಕ್ ಲೋಡ್ ನನಗೆ ನೆನಪೇ ಆಗಲಿಲ್ಲ. ಈ ಗೇಮ್‌ನಲ್ಲೂ ಸೇವ್ ಇದೆ, ಲೋಡ್ ಇದೆ. ಯಾರೂ ತಡೆಯುವುದಿಲ್ಲ. ಆದರೆ ಸೋಲಿಗೂ ಗೆಲುವಿನಷ್ಟೇ ಮನಸ್ಸಿಟ್ಟು ಬರೆದಿದ್ದರೆ ಲೋಡ್ ಯಾಕೆ ಮಾಡಬೇಕು? ಸೋತರೆ ಏನಾಗುತ್ತದೆ ಅಂತ ನೋಡುವ ಕುತೂಹಲವೇ ಜಾಸ್ತಿಯಾಗುತ್ತದೆ.

ನಿಯಮಗಳೂ ಇದಕ್ಕೆ ಒತ್ತಾಸೆಯಾಗಿ ನಿಂತಿವೆ. ಇಲ್ಲಿ ಆರು ಮುಖದ ಎರಡು ದಾಳ. 20 ಮುಖದ ಒಂದು ದಾಳದಲ್ಲಿ 1 ಬೀಳುವುದೂ 10 ಬೀಳುವುದೂ ಸಮ, ಪ್ರತಿ ಅಂಕಿಗೂ 5%. ಎರಡು ದಾಳ ಸೇರಿದಾಗ ಹಾಗಲ್ಲ. ಒಟ್ಟು 36 ಜೋಡಿಗಳಲ್ಲಿ 7 ಆರು ರೀತಿ ಬರುತ್ತದೆ, 2 ಮತ್ತು 12 ಒಂದೊಂದೇ ರೀತಿ. ಫಲಿತಾಂಶ ನಡುವೆ ಗುಂಪುಗೂಡುತ್ತದೆ. ಹಾಗಾಗಿ ನಡುಮಟ್ಟದ ಕಷ್ಟದ ಕೆಲಸದಲ್ಲಿ ಒಂದು ಅಂಕ ಹೆಚ್ಚು ಸೇರಿದರೂ ಗೆಲ್ಲುವ ಸಾಧ್ಯತೆ ಚೆನ್ನಾಗಿ ಏರುತ್ತದೆ. ಎರಡು 6 ಬಿದ್ದರೆ ಯಾವತ್ತೂ ಗೆಲುವು, ಎರಡು 1 ಬಿದ್ದರೆ ಯಾವತ್ತೂ ಸೋಲು. ಅದಕ್ಕೇ ಪರದೆಯ ಮೇಲೆ 97%ಕ್ಕಿಂತ ಜಾಸ್ತಿ ಕಾಣುವುದಿಲ್ಲ, 3%ಕ್ಕಿಂತ ಕಮ್ಮಿಯೂ ಇಲ್ಲ.

ಹೀಗೆ ದಾಳ ಹಾಕಿ ನೋಡುವ ಪರೀಕ್ಷೆಗಳಲ್ಲಿ ಬಿಳಿ, ಕೆಂಪು ಅಂತ ಎರಡು ಬಗೆ. ಬಿಳಿ ಬಣ್ಣದ ಪರೀಕ್ಷೆಯಲ್ಲಿ ಸೋತರೆ ಅದಕ್ಕೆ ಬೀಗ ಬೀಳುತ್ತದೆ. ಅದಕ್ಕೆ ಬೇಕಾದ ಕೌಶಲಕ್ಕೆ ಒಂದು ಪಾಯಿಂಟ್ ಹಾಕಿದರೆ ಮತ್ತೆ ತೆರೆಯುತ್ತದೆ. ಪಾಯಿಂಟ್ ಬೇಕೆಂದರೆ ಹೊರಗೆ ಹೋಗಿ ನಾಲ್ಕು ಜನರ ಜೊತೆ ಮಾತಾಡಬೇಕು. ಅವರ ಮಾತಿನಲ್ಲಿ ಸಿಕ್ಕ ಒಂದು ಸುಳಿವು, ತೊಟ್ಟ ಒಂದು ಕೋಟು ಕೂಡ ಅಂಕ ಸೇರಿಸಬಹುದು. ಕೆಂಪು ಪರೀಕ್ಷೆಗೆ ಒಂದೇ ಅವಕಾಶ. ಹೀಗೆ ಸೋಲು ನನ್ನನ್ನು ಮೆನುವಿಗೆ ಕಳಿಸದೆ, ಕಥೆ ನಡೆಯುವ ಮಾರ್ಟಿನೇಸ್‌ನ ಬೀದಿಗೆ ಕಳಿಸಿತು. ಆ ಊರಿನ ಅರ್ಧ ಜನ ನನಗೆ ಗುರುತಾದದ್ದೇ ಯಾವುದೋ ಪರೀಕ್ಷೆಯಲ್ಲಿ ಸೋತು ಅಲೆಯುವಾಗ.

24 ಕೌಶಲಗಳೂ ತಲೆಯೊಳಗಿನ ದನಿಗಳಾಗಿ ಮಾತಾಡುತ್ತವೆ. ಸಲಹೆ ಕೊಡುತ್ತವೆ, ಜಗಳವಾಡುತ್ತವೆ, ದಾರಿ ತಪ್ಪಿಸುತ್ತವೆ. ಇನ್‌ಲ್ಯಾಂಡ್ ಎಂಪೈರ್ ಎಂಬ ಕೌಶಲ ಜಾಸ್ತಿ ಇದ್ದರೆ ಆ ಟೈ ಕೂಡ ಮಾತಾಡುತ್ತದೆ. ಇದನ್ನು ವಿವರಿಸುತ್ತಾ ಹೋದರೆ ಮುಗಿಯುವುದಿಲ್ಲ.

ಕೊರತೆ ಇಲ್ಲವಾ? ಇದೆ. ಓದಬೇಕು, ಬೇಕಾದಷ್ಟು ಓದಬೇಕು. ಹತ್ತು ಲಕ್ಷಕ್ಕೂ ಮೀರಿದ ಪದಗಳಿರುವ ಗೇಮ್ ಇದು. 2021ರ ಫೈನಲ್ ಕಟ್ ಆವೃತ್ತಿಯಲ್ಲಿ ಎಲ್ಲ ಪಾತ್ರಗಳಿಗೂ ದನಿ ಬಂದಿದೆ, ಅದರಿಂದ ಸುಲಭವಾಗುತ್ತದೆ. ಆದರೂ ದಿನವಿಡೀ ಪರದೆ ನೋಡಿ ದಣಿದ ಕಣ್ಣಿಗೆ ಕೆಲವು ರಾತ್ರಿ ಕಷ್ಟವಾಯಿತು. ಕತ್ತಿ ಬೀಸಬೇಕು, ಮಂತ್ರ ಹಾಕಬೇಕು ಅನ್ನುವವರು ಇದನ್ನು ತಗೊಂಡರೆ ನಿರಾಶೆ ಖಂಡಿತ.

ನನ್ನ ತೀರ್ಮಾನ ನನ್ನ ಅಭ್ಯಾಸಕ್ಕೆ ಹೊಂದುವಂಥದ್ದು. ನನಗೆ ಸಿಗುವುದು ರಾತ್ರಿ ಒಂದು ಗಂಟೆ. ಲ್ಯಾಪ್‌ಟಾಪ್ ಹಳೆಯದು. ವರ್ಷಕ್ಕೆ ಒಂದೋ ಎರಡೋ ಗೇಮ್, ಅದೂ ಸೇಲ್ ಬಂದಾಗ. ಬಾಲ್ಡರ್ಸ್ ಗೇಟ್ 3ರಲ್ಲಿ ಒಂದು ಗಂಟೆ ಅಂದರೆ ಒಂದೇ ಯುದ್ಧಕ್ಕೆ ಸರಿಹೋಗುತ್ತದೆ. ವಿಚರ್ 3ರಲ್ಲಿ ಒಂದು ಸೈಡ್ ಕ್ವೆಸ್ಟ್ ಆಗುತ್ತದೆ, ಅದು ಪರವಾಗಿಲ್ಲ. ಡಿಸ್ಕೋ ಎಲಿಸಿಯಮ್‌ನಲ್ಲಿ ಗಡಿಯಾರ ಓಡುವುದೇ ನೀವು ಮಾತಾಡುವಾಗ, ಓದುವಾಗ. ಸುಮ್ನೆ ನಿಂತರೆ ಊರೂ ನಿಲ್ಲುತ್ತದೆ. ಇಬ್ಬರ ಜೊತೆ ಮಾತಾಡಿ ಮಲಗಿದರೂ ಏನೋ ಸಿಕ್ಕಿತು ಅನಿಸುತ್ತದೆ. ಸ್ನೇಹಿತರ ಜೊತೆ ಸೇರಿ ಆಡಬೇಕು, ರಜೆ ಉದ್ದ ಇದೆ ಅನ್ನುವವರು ಬಾಲ್ಡರ್ಸ್ ಗೇಟ್ 3 ತಗೊಳ್ಳಿ. ದುಡ್ಡು ಕಮ್ಮಿ, ದೊಡ್ಡ ಲೋಕ ಬೇಕು ಅನ್ನುವವರಿಗೆ ವಿಚರ್ 3. ನನ್ನ ಹಾಗೆ ಗೇಮ್ ಮೇಲಿನ ಪ್ರೀತಿಯನ್ನೇ ಕಳೆದುಕೊಂಡವರಿಗೆ ನಾನು ಕೊಡುವುದು ಡಿಸ್ಕೋ ಎಲಿಸಿಯಮ್.

ಅದನ್ನು ಮುಗಿಸಿದ ಮರುವಾರ ಬಾಲ್ಡರ್ಸ್ ಗೇಟ್ 3ನ್ನು ಮತ್ತೆ ಇಳಿಸಿಕೊಂಡೆ. ಹೊಸ ಪಾತ್ರ ಮಾಡಿ ಮೊದಲಿಂದ ಶುರು ಮಾಡಿದೆ. ಗ್ರೋವ್‌ಗೆ ಬಂದೆ. ಅದೇ ಹುಡುಗಿ, ಅದೇ ಹಾವು. ದಾಳ ಉರುಳಿತು, 4 ಬಿತ್ತು. ಅರಬೆಲ್ಲಾ ಓಡಲು ಹೋದಳು. ಕೈ ಎಫ್8ರ ಹತ್ತಿರ ಹೋಗಿ ನಿಂತಿತು. ಒತ್ತಲಿಲ್ಲ. ಹೊರಗೆ ಬಂದು ಅವಳ ಅಪ್ಪ ಅಮ್ಮ ಎಲ್ಲಿದ್ದಾರೆ ಅಂತ ಹುಡುಕತೊಡಗಿದೆ.