ಗಡುವು ಮುಗಿದ ಲಿನಕ್ಸ್ ಮತ್ತು ಕಕ್ಕಡದ ಮಳೆ: ಉಬುಂಟುವೋ, ಡೆಬಿಯನ್ನೋ?

ಉಬುಂಟು, ಡೆಬಿಯನ್ ಎರಡೂ ಲಿನಕ್ಸ್‌ನ ಬಗೆಗಳು, ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕುವ ಪುಕ್ಕಟೆ ಆಪರೇಟಿಂಗ್ ಸಿಸ್ಟಂಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡೆಬಿಯನ್‌ಗೆ. ಕೊಡಗಿನ ಕಕ್ಕಬ್ಬೆಯ ನಮ್ಮ ಹೋಂಸ್ಟೇಯಲ್ಲಿ ಮೂರು ಹಳೇ ಲ್ಯಾಪ್‌ಟಾಪ್ ಇವೆ. ಆಫೀಸಿನದರಲ್ಲಿ ಉಬುಂಟು 23.10 ಇತ್ತು. ಮಗಳದರಲ್ಲಿ ಉಬುಂಟು 20.04, ತೋಟದ ಲೆಕ್ಕದ್ದರಲ್ಲಿ ಡೆಬಿಯನ್ 12. ಅಂದಚಂದ, ವೇಗದ ಮಾತು ಬಿಡಿ. ಕಾಫಿ, ಮೆಣಸಿನ ಲೆಕ್ಕವೂ ಅತಿಥಿಗಳ ಬಿಲ್ಲೂ ಮೂರರಲ್ಲೂ ಆಗುತ್ತದೆ.

23.10 ಹಾಕಿದ್ದು ನಾನೇ. ಹೊಸ ನಂಬರ್ ಅಲ್ವಾ, ಒಳ್ಳೇದೇ ಇರಬೇಕು ಅಂದುಕೊಂಡೆ. 2025ರ ಜುಲೈ ಕೊನೆಗೆ ಹೊಸ ಪ್ರಿಂಟರ್ ತಂದೆ. ಅದಕ್ಕೊಂದು ಪ್ಯಾಕೇಜ್ (ನೆಟ್‌ನಿಂದ ಇಳಿಸುವ ಸಾಫ್ಟ್‌ವೇರ್ ಕಟ್ಟು) ಬೇಕಿತ್ತು. ಅಪ್‌ಡೇಟ್ ಕೊಟ್ಟರೆ ಸಾಲು ಸಾಲು 404, ಅಂದರೆ ಕೇಳಿದ ಫೈಲು ಆ ವಿಳಾಸದಲ್ಲಿ ಇಲ್ಲ ಅನ್ನೋ ಉತ್ತರ. ಹೊರಗೆ ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆ ಧೋ ಅಂತ ಹೊಯ್ಯುತ್ತಿತ್ತು. ಇಂಥ ಹೊತ್ತಲ್ಲಿ ಇನ್ಯಾರನ್ನು ಬೈಯುವುದು? ನೆಟ್‌ವರ್ಕನ್ನೇ ಬೈದೆ.

ಫೋನಿನ ಹಾಟ್‌ಸ್ಪಾಟ್ ಹಾಕಿ, ಸಿಗ್ನಲ್ ಸಿಗುವ ಕಾಫಿ ಕಣದ ಮೂಲೆಗೆ ಕೊಡೆ ಹಿಡಿದು ಹೋದೆ. 404. ಎರಡು ದಿನ ಬಿಟ್ಟು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಾಪೋಕ್ಲು ದಾಟಿ ಮಡಿಕೇರಿಗೆ ಒಯ್ದೆ. ಸ್ನೇಹಿತನ ಅಂಗಡಿಯ ವೈಫೈನಲ್ಲೂ ಅದೇ 404. ಅವನು ಪರದೆ ನೋಡಿ ಕೇಳಿದ: "ಇದರ ಸಪೋರ್ಟ್ ಯಾವಾಗ ಮುಗಿಯಿತು, ನೋಡಿದ್ಯಾ?"

ನೋಡಿರಲಿಲ್ಲ. ಸಪೋರ್ಟ್ ಅಂದರೆ ದೋಷ ತಿದ್ದುವ ಸೆಕ್ಯುರಿಟಿ ಪ್ಯಾಚ್‌ಗಳು ಬರುತ್ತಿರುವ ಅವಧಿ. 2023ರ ಅಕ್ಟೋಬರಿನಲ್ಲಿ ಬಂದ ಆವೃತ್ತಿ ಅದು, ಆಯಸ್ಸು 9 ತಿಂಗಳು. 2024ರ ಜುಲೈ 11ಕ್ಕೇ ಮುಗಿದಿತ್ತು. ಅಂದರೆ ಒಂದು ವರ್ಷ ಸೆಕ್ಯುರಿಟಿ ಪ್ಯಾಚ್ ಇಲ್ಲದ ಯಂತ್ರದಲ್ಲಿ ನಾನು ಬ್ಯಾಂಕ್ ಕೆಲಸ ಮಾಡಿದ್ದೆ! ಫೈರ್‌ಫಾಕ್ಸ್ ಬ್ರೌಸರ್ ಅದರಲ್ಲಿ ಸ್ನ್ಯಾಪ್ (ಬೇರೆ ಕಡೆಯಿಂದ ಬರುವ ಇನ್ನೊಂದು ಬಗೆಯ ಪ್ಯಾಕೇಜ್) ಆಗಿ ಬರುವುದರಿಂದ ಅದು ತನ್ನಷ್ಟಕ್ಕೆ ಹೊಸದಾಗುತ್ತಿತ್ತು. ಅದನ್ನು ನೋಡಿ ಎಲ್ಲಾ ಸರಿಯಿದೆ ಅಂತ ಸುಮ್ನೆ ಕೂತಿದ್ದೆ. ಬಾಗಿಲಿಗೆ ಬಣ್ಣ, ಒಳಗೆ ಗೋಡೆಯೆಲ್ಲ ಪಾಚಿ.

ಗಡುವು ಮುಗಿದ ಉಬುಂಟುಗಳ ಪ್ಯಾಕೇಜ್‌ಗಳನ್ನು ಕೊನೆಗೆ ಓಲ್ಡ್ ರಿಲೀಸಸ್ ಅನ್ನೋ ಬೇರೆ ಸರ್ವರ್‌ಗೆ ಸಾಗಿಸುತ್ತಾರೆ. ಪ್ಯಾಕೇಜ್ ಎಲ್ಲಿಂದ ತರಬೇಕು ಅಂತ ಬರೆದಿರುವ ಸೋರ್ಸಸ್ ಲಿಸ್ಟ್ ಫೈಲಿನಲ್ಲಿ ಆರ್ಕೈವ್, ಸೆಕ್ಯುರಿಟಿ ಎರಡೂ ಸರ್ವರ್ ವಿಳಾಸ ಬದಲಿಸಿ, ಆಮೇಲೆ 24.04ಕ್ಕೆ ಏರಿಸಬೇಕಾಯಿತು. ವಿಳಾಸ ಬದಲಿಸುವುದು ಐದು ನಿಮಿಷ. ಏರಿಸುವುದೇ ಎದೆ ಹೊಡೆದುಕೊಳ್ಳುವ ಕೆಲಸ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷ, ಅರ್ಧದಲ್ಲಿ ಕರೆಂಟ್ ಹೋದರೆ ಅಲ್ಲಿಗೆ ಮುಗಿಯಿತು. ಅಂಗಡಿಯ ಯುಪಿಎಸ್‌ಗೆ ಸಿಕ್ಕಿಸಿ, ಸಂಜೆವರೆಗೆ ಕಾದು ಕೂತೆ. ಉಬುಂಟುವನ್ನು ಬೈಯೋಣ ಅಂದರೆ ಅವರು ತಾರೀಕು ಮೊದಲೇ ಹೇಳಿದ್ದರು.

ಮಗಳ 20.04ರ ಮಾಮೂಲಿ ಸಪೋರ್ಟ್ ಕೂಡ 2025ರ ಮೇ ತಿಂಗಳಿಗೆ ಮುಗಿಯಿತು. ಆದರೆ ಅದು ಎಲ್‌ಟಿಎಸ್, ಅಂದರೆ ಹೆಚ್ಚು ವರ್ಷ ಸಪೋರ್ಟ್ ಸಿಗುವ ಆವೃತ್ತಿ. ಉಬುಂಟು ಪ್ರೊ ಖಾತೆ ತೆರೆದು, ಅಲ್ಲಿ ಕೊಡುವ ಟೋಕನ್ (ಒಂದು ಕೋಡ್) ಹಾಕಿದರೆ ಇನ್ನೂ 5 ವರ್ಷ ಸೆಕ್ಯುರಿಟಿ ಪ್ಯಾಚ್ ಬರುತ್ತದೆ, 5 ಕಂಪ್ಯೂಟರ್‌ವರೆಗೆ ಪುಕ್ಕಟೆ. ಅವಳು ಹತ್ತು ನಿಮಿಷದಲ್ಲಿ ಮುಗಿಸಿದಳು. ಪಾಸ್‌ವರ್ಡ್ ಮರೆಯುವ ನನ್ನಂಥವನಿಗೆ ಇನ್ನೊಂದು ಖಾತೆ ಬೇಡ.

ಡೆಬಿಯನ್ 12ಕ್ಕೆ ಖಾತೆಯೂ ಇಲ್ಲ, ಟೋಕನ್ನೂ ಇಲ್ಲ. 2023ರ ಜೂನ್‌ನಲ್ಲಿ ಬಂತು. 3 ವರ್ಷ ಡೆಬಿಯನ್ನಿನ ಸೆಕ್ಯುರಿಟಿ ತಂಡ ನೋಡಿಕೊಳ್ಳುತ್ತದೆ, ಆಮೇಲೆ 2028ರ ಜೂನ್‌ವರೆಗೆ ಎಲ್‌ಟಿಎಸ್ ತಂಡ. ಎಲ್ಲಾ ಪ್ಯಾಕೇಜಿಗೂ ಎಲ್‌ಟಿಎಸ್ ಸಿಗುವುದಿಲ್ಲ, ಅದು ನೆನಪಿರಲಿ. ಅದರಲ್ಲಿ ಲೆಕ್ಕ, ಪತ್ರ ಬರೆಯುವ ಲಿಬ್ರೆಆಫೀಸ್ ಹಳೇ 7.4. ನನ್ನ ಕಾಫಿ ಲೆಕ್ಕಕ್ಕೆ ಅದೇ ಜಾಸ್ತಿ. ಮಡಿಕೇರಿಯಿಂದ ಬಂದ ರಾತ್ರಿ ಪ್ರಿಂಟರ್ ಇದಕ್ಕೇ ಸಿಕ್ಕಿಸಿದೆ. ಪ್ಯಾಕೇಜ್ ಇಳಿಯಿತು, ಅತಿಥಿಯ ಬಿಲ್ಲು ಬಿಸಿಬಿಸಿಯಾಗಿ ಹೊರಗೆ ಬಂತು.

ಒಳ್ಳೇ ನೆಟ್ ಇದ್ದು, ಆರು ತಿಂಗಳಿಗೊಮ್ಮೆ ತಪ್ಪದೆ ಏರಿಸುವವರು 23.10ರಂಥದ್ದನ್ನು ಧಾರಾಳ ಹಾಕಿಕೊಳ್ಳಿ. ಹೊಸ ಲ್ಯಾಪ್‌ಟಾಪಿಗೆ ದುಡ್ಡಿಲ್ಲ, ಮಳೆಗಾಲದಲ್ಲಿ ಕರೆಂಟಿಲ್ಲ ಅನ್ನುವವನ ಲೆಕ್ಕ ಬೇರೆ. ಡೆಬಿಯನ್ 13 ಬಂದಾಗಿದೆ. 2026ರ ಕಾಫಿ ಕುಯ್ಲು ಮುಗಿದ ಮೇಲೆ, ಹೂಮಳೆಗೂ ಮುಂಗಾರಿಗೂ ನಡುವೆ, ಅದಕ್ಕೆ ಏರುತ್ತೇನೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ ಮಾಡುವ ತಾರೀಕಿನ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.