ತೊಡೆಸಂದಿನ ಬೆಲ್ಟ್, ಬಿಗಿಚಡ್ಡಿ ಮತ್ತು ಹಪ್ಪಳದ ಬೆಂಚು: ಒಂದು ಕಬಡ್ಡಿ ಋತುವಿನ ಹೋಲಿಕೆ

ಕಳೆದ ಋತುವಿನಲ್ಲಿ ತೊಡೆಸಂದಿನ ಸ್ನಾಯುವಿಗೆ ಪೆಟ್ಟು ಮಾಡಿಕೊಂಡ ನಾನು ಅದನ್ನು ಸರಿಪಡಿಸಿಕೊಳ್ಳಲು ನಾಲ್ಕು ದಾರಿಗಳನ್ನು ಒಂದಾದ ಮೇಲೊಂದರಂತೆ ಹಿಡಿದೆ. ಮೊದಲು ಬರೀ ವಿಶ್ರಾಂತಿ, ಆಮೇಲೆ ಆನ್‌ಲೈನಿನಲ್ಲಿ ತರಿಸಿದ ಬೆಲ್ಟ್, ಅದು ಕೈಕೊಟ್ಟ ಮೇಲೆ ಬಿಗಿಚಡ್ಡಿ, ಕೊನೆಗೆ ಮರದ ಬೆಂಚಿನ ವ್ಯಾಯಾಮ. ಇವುಗಳಲ್ಲಿ ಬೆಂಚೇ ನನ್ನ ಆಯ್ಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ತಗುಲಿದ್ದು ಫಿಸಿಯೋಥೆರಪಿಸ್ಟರ ಮೂರು ಭೇಟಿಗಳ 900 ರೂಪಾಯಿ ಮಾತ್ರ. ಬೆಲ್ಟಿಗೆ ಕೊಟ್ಟದ್ದು 1,150 ರೂಪಾಯಿ. ಆ ಹಣದ ಸಿಟ್ಟು ಈ ಬರಹದಲ್ಲಿ ಅಲ್ಲಲ್ಲಿ ಇಣುಕಿದರೆ ಓದುಗರು ಕ್ಷಮಿಸಬೇಕು.

ನಾನು ಅಂಕೋಲಾ ಕಡೆಯವನು, ಕಾರವಾರದ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ. ಆಟದಿಂದಲೇ ಹೊಟ್ಟೆ ಹೊರೆಯುವವನಲ್ಲ. ಆದರೆ ದೀಪಾವಳಿ ಕಳೆದಂದಿನಿಂದ ಮಳೆ ಹಿಡಿಯುವವರೆಗೆ ಅಂಕೋಲಾ, ಕುಮಟಾ, ಹೊನ್ನಾವರ, ಒಮ್ಮೊಮ್ಮೆ ಘಟ್ಟ ಹತ್ತಿ ಶಿರಸಿಯವರೆಗೆ, ಹೆಚ್ಚುಕಡಿಮೆ ಪ್ರತಿ ಶನಿವಾರ ಒಂದಲ್ಲ ಒಂದು ಊರಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇರುತ್ತದೆ, ನಮ್ಮ ತಂಡ ಅಲ್ಲಿರುತ್ತದೆ. ರಾತ್ರಿ ಒಂಬತ್ತಕ್ಕೆ ಒಂದು ಪಂದ್ಯ, ಹನ್ನೆರಡಕ್ಕೆ ಇನ್ನೊಂದು, ಗೆಲ್ಲುತ್ತಾ ಹೋದರೆ ಬೆಳಗಿನ ಜಾವ ನಾಲ್ಕಕ್ಕೆ ಫೈನಲ್. ನಡುವಿನ ಹೊತ್ತು ಇಬ್ಬನಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಚಹಾ ಕುಡಿಯುವುದು. ಬಿಸಿಯಾದ ಸ್ನಾಯು ಹೀಗೆ ಒಂದೇ ರಾತ್ರಿ ಮೂರ್ನಾಲ್ಕು ಬಾರಿ ತಣ್ಣಗಾಗುತ್ತದೆ. ನಮ್ಮ ಕಡೆಯ ರೇಡರುಗಳಲ್ಲಿ, ಅಂದರೆ ಎದುರಾಳಿಗಳ ಅಂಕಣಕ್ಕೆ ನುಗ್ಗಿ ಅಂಕ ತರುವವರಲ್ಲಿ, ತೊಡೆಸಂದು ಹಿಡಿದುಕೊಂಡು ನಡೆಯುವವರು ಇಷ್ಟೊಂದು ಜನ ಇರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಲೆಕ್ಕ.

ಗಾಯವಾದದ್ದು ಡಿಸೆಂಬರಿನಲ್ಲಿ, ಕುಮಟಾ ತಾಲ್ಲೂಕಿನ ಒಂದು ಅಂಕಣದಲ್ಲಿ. ಎದುರಿಗೆ ಏಳೂ ಜನರಿದ್ದುದರಿಂದ ಬೋನಸ್ ಅಂಕಕ್ಕೆ ಅವಕಾಶವಿತ್ತು. ಬಲಗಾಲನ್ನು ಬೋನಸ್ ಗೆರೆಯಾಚೆ ಚಾಚಿ ಎಡಗಾಲನ್ನು ಎತ್ತುವ ಹೊತ್ತಿಗೆ ಮೂಲೆಯ ಆಟಗಾರ ಬಲಪಾದವನ್ನು ಹಿಡಿದ. ನನ್ನ ದೇಹ ಮಧ್ಯದ ಗೆರೆಯತ್ತ ತಿರುಗಿತು, ಬಲಗಾಲು ತಿರುಗಲಿಲ್ಲ. ತೊಡೆಯ ಒಳಬದಿಯ ಮೇಲ್ತುದಿಯಲ್ಲಿ ಹಳೆಯ ಪಂಚೆ ಹರಿದಂತಾಯಿತು. ಆ ರಾತ್ರಿ ಹೇಗೋ ನಡೆದೆ. ಬೆಳಿಗ್ಗೆ ಬೈಕಿನ ಮೇಲೆ ಕಾಲು ಹಾಯಿಸಲು ಆಗಲಿಲ್ಲ, ಕೆಮ್ಮಿದರೆ ಕಿಬ್ಬೊಟ್ಟೆಯವರೆಗೆ ಚುಚ್ಚುತ್ತಿತ್ತು.

ಕೆಮ್ಮಿಗೂ ತೊಡೆಗೂ ಏನು ನಂಟು ಎಂಬುದು ಫಿಸಿಯೋಥೆರಪಿಸ್ಟರು ಹೇಳಿದ ಮೇಲಷ್ಟೇ ತಿಳಿಯಿತು. ತೊಡೆಗಳನ್ನು ಒಂದರತ್ತ ಒಂದು ಸೆಳೆಯುವ ಅಡಕ್ಟರ್ ಸ್ನಾಯುಗಳಲ್ಲಿ ಆಟಗಾರರಿಗೆ ಹೆಚ್ಚಾಗಿ ಪೆಟ್ಟಾಗುವುದು ಅಡಕ್ಟರ್ ಲಾಂಗಸ್ ಎಂಬುದಕ್ಕೆ. ಅದು ಕಿಬ್ಬೊಟ್ಟೆಯ ಬುಡದ ಪ್ಯೂಬಿಕ್ ಮೂಳೆಗೆ ಕೆಳಗಿನಿಂದ ಅಂಟಿಕೊಂಡಿದ್ದರೆ, ಹೊಟ್ಟೆಯ ನಡುವಿನ ಉದ್ದನೆಯ ಸ್ನಾಯು ಅದೇ ಮೂಳೆಗೆ ಮೇಲಿನಿಂದ ಬಂದು ಸೇರುತ್ತದೆ. ಒಂದು ಕಡೆ ಸೆಳೆತವಾದರೆ ಇನ್ನೊಂದು ಕಡೆಯೂ ಎಳೆದಂತಾಗುತ್ತದೆ. 2014ರಲ್ಲಿ ದೋಹಾದಲ್ಲಿ ಸೇರಿದ ತಜ್ಞರು ಆಟಗಾರರ ತೊಡೆಸಂದಿನ ನೋವನ್ನು ಅಡಕ್ಟರಿನದು, ಸೊಂಟದ ಮುಂಭಾಗದ ಇಲಿಯೊಸೋವಾಸ್ ಸ್ನಾಯುವಿನದು, ಕಿಬ್ಬೊಟ್ಟೆಯ ಕೆಳಬದಿಯಲ್ಲಿ ಹಾಯುವ ಇಂಗ್ವಿನಲ್ ನಾಳದ ಸುತ್ತಲಿನದು, ಪ್ಯೂಬಿಕ್ ಮೂಳೆಯದು ಎಂದು ವಿಂಗಡಿಸಿದ್ದಾರೆ. ಸೊಂಟದ ಕೀಲಿನಿಂದ ಬರುವ ನೋವು ಬೇರೆ. ನನ್ನದು ಮೊದಲನೆಯದು. ಕೆಳಗೆ ಬರೆದಿರುವುದೆಲ್ಲ ಆ ಒಂದಕ್ಕೆ ಮಾತ್ರ ಅನ್ವಯಿಸುತ್ತದೆ.

ದೊಡ್ಡ ಆಟಗಾರರ ಋತುಗಳನ್ನೂ ಈ ಒಂದು ಗೇಣು ಜಾಗ ಕೆಡಿಸಿದೆ. 2021ರ ಜನವರಿಯ ಬ್ರಿಸ್ಬೇನ್ ಟೆಸ್ಟಿಗೆ ಕಿಬ್ಬೊಟ್ಟೆಯ ನೋವಿನಿಂದ ಬುಮ್ರಾ ಇರಲಿಲ್ಲ. ಇದ್ದ ನವದೀಪ್ ಸೈನಿ ಎಂಟನೆಯ ಓವರಿನ ಐದು ಎಸೆತ ಹಾಕಿ ತೊಡೆಸಂದು ಹಿಡಿದುಕೊಂಡು ಹೊರನಡೆದಾಗ ಉಳಿದ ಒಂದು ಎಸೆತವನ್ನು ರೋಹಿತ್ ಶರ್ಮಾ ಹಾಕಬೇಕಾಯಿತು. ಮಂಗಳೂರಿನ ಕಡೆ ಬೆಳೆದ ಕೆ. ಎಲ್. ರಾಹುಲ್ 2022ರ ಜೂನಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಟಿ20 ಸರಣಿಗೆ ನಾಯಕರಾಗಿ ಆಯ್ಕೆಯಾಗಿದ್ದರೂ ಮೊದಲ ಪಂದ್ಯದ ಹಿಂದಿನ ದಿನ ಇದೇ ಗಾಯದಿಂದ ಹೊರಬಿದ್ದರು, ಜರ್ಮನಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಇಂಗ್ಲೆಂಡ್ ಪ್ರವಾಸವನ್ನೂ ಕಳೆದುಕೊಂಡರು. ಅದೇ ವರ್ಷ ವಿಂಬಲ್ಡನ್ನಿನಲ್ಲಿ ನಡಾಲ್ ಹೊಟ್ಟೆಯ ಸ್ನಾಯು ಹರಿದುಕೊಂಡೇ ಕ್ವಾರ್ಟರ್ ಫೈನಲನ್ನು ಐದು ಸೆಟ್‌ಗಳಲ್ಲಿ ಗೆದ್ದು, ಸೆಮಿಫೈನಲ್ ಆಡದೆ ಹಿಂದೆ ಸರಿದರು. ಸೂರ್ಯಕುಮಾರ್ ಯಾದವ್ 2024ರಲ್ಲಿ ಸ್ಪೋರ್ಟ್ಸ್ ಹರ್ನಿಯಾಕ್ಕೆ, ಅಂದರೆ ಕಿಬ್ಬೊಟ್ಟೆಯ ಕೆಳಭಾಗದ ಸ್ನಾಯುವಿಗೆ ಆಗುವ ಗಾಯಕ್ಕೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು 2025ರಲ್ಲಿ ಮತ್ತೊಮ್ಮೆ ಮಾಡಿಸಿಕೊಳ್ಳಬೇಕಾಯಿತು. ಅವರಿಗೆ ತಂಡದ ವೈದ್ಯರಿದ್ದಾರೆ, ಗುತ್ತಿಗೆಯ ಹಣವಿದೆ. ನಮಗೆ ಆಡಿದ ರಾತ್ರಿಯ ಬಹುಮಾನದ ಪಾಲು, ಅದೂ ಗೆದ್ದರೆ.

ವಿಶ್ರಾಂತಿಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಮೂರು ವಾರ ಸುಮ್ಮನಿದ್ದೆ, ನೋವು ಪೂರ್ತಿ ಹೋಯಿತು. ಜನವರಿಯ ಮೊದಲ ಪಂದ್ಯದ ಎರಡನೆಯ ರೇಡಿನಲ್ಲೇ ತಿರುಗಿ ಬಂತು.

ಆಗ ಬೆಲ್ಟ್ ತರಿಸಿದೆ. ನಿಯೋಪ್ರೀನ್ ಎಂಬ ರಬ್ಬರಿನಂಥ ಬಟ್ಟೆಯ ಅಗಲ ಪಟ್ಟಿಯೊಂದು ಸೊಂಟವನ್ನು ಸುತ್ತುತ್ತದೆ, ಅದರಿಂದ ಇಳಿಯುವ ಇನ್ನೊಂದು ಪಟ್ಟಿ ತೊಡೆಸಂದನ್ನು ಅಡ್ಡ ಹಾಯ್ದು ತೊಡೆಗೆ ಸುತ್ತಿಕೊಳ್ಳುತ್ತದೆ, ಎಲ್ಲವನ್ನೂ ಹಿಡಿದಿಡುವುದು ವೆಲ್ಕ್ರೋ. ಮನೆಯ ಜಗಲಿಯ ಮೇಲೆ ಕಟ್ಟಿಕೊಂಡಾಗ ಅದು ಅದ್ಭುತವಾಗಿತ್ತು. ಯಾರೋ ಅಂಗೈಯಿಂದ ಜಾಗವನ್ನು ಒತ್ತಿ ಹಿಡಿದಂತೆ, ನೋವೇ ಇಲ್ಲವೆಂಬಂತೆ ನಡೆದಾಡಿದೆ. ಮೂರು ದಿನ ಕಂಡವರಿಗೆಲ್ಲ ಅದನ್ನು ಹೊಗಳಿದ್ದೂ ಉಂಟು.

ನಾಲ್ಕನೆಯ ದಿನ ಟ್ಯಾಗೋರ್ ಕಡಲತೀರದಲ್ಲಿ ಅಭ್ಯಾಸಕ್ಕೆ ಇಳಿದೆ. ನಮ್ಮ ತಂಡಕ್ಕೆ ಸ್ವಂತ ಮ್ಯಾಟ್ ಇಲ್ಲದ್ದರಿಂದ ಬೆಳಗಿನ ಅಭ್ಯಾಸವೆಲ್ಲ ಮರಳಿನ ಮೇಲೆಯೇ. ಹತ್ತು ನಿಮಿಷ ಉರುಳಾಡುವಷ್ಟರಲ್ಲಿ ವೆಲ್ಕ್ರೋದ ಕೊಕ್ಕೆಗಳ ನಡುವೆ ಸಣ್ಣ ಮರಳು ತುಂಬಿಕೊಂಡು ಅದರ ಹಿಡಿತ ಸಡಿಲಾಯಿತು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿದೆ, ಪಿನ್ನಿನಿಂದ ಒಂದೊಂದೇ ಸಾಲನ್ನು ಕೆದಕಿದೆ, ಬಿಸಿನೀರಿನಲ್ಲಿ ನೆನೆಸಿಟ್ಟೆ. ಒಣಗಿದಾಗ ಹಿಡಿಯುತ್ತಿತ್ತು, ಬೆವರು ತಾಕಿದ ಕೂಡಲೇ ಬಿಡುತ್ತಿತ್ತು, ಮತ್ತು ಕರಾವಳಿಯಲ್ಲಿ ಬೆವರದೆ ಕಬಡ್ಡಿ ಆಡುವುದು ಹೇಗೆಂದು ತಯಾರಿಸಿದವರು ಬರೆದಿರಲಿಲ್ಲ. ಇನ್ನು ತೊಳೆದ ನಿಯೋಪ್ರೀನ್ ನಮ್ಮ ಹವೆಯಲ್ಲಿ ಎರಡು ದಿನವಾದರೂ ಆರುವುದಿಲ್ಲ. ಅರೆ ಒದ್ದೆಯಲ್ಲೇ ಚೀಲಕ್ಕೆ ತುಂಬಿಕೊಂಡು ಹೋದರೆ, ವ್ಯಾನಿನಲ್ಲಿ ಪಕ್ಕಕ್ಕೆ ಕುಳಿತವರು ಮೀನಿನ ಬುಟ್ಟಿ ಎಲ್ಲಿದೆಯೆಂದು ಹುಡುಕುತ್ತಿದ್ದರು. ಹಿಂದಿರುಗಿಸಲು ಕೇಳಿದ್ದಕ್ಕೆ, ಬಳಸಿದ ವಸ್ತುವನ್ನು ವಾಪಸು ಪಡೆಯುವುದಿಲ್ಲವೆಂಬ ಉತ್ತರ ಬಂತು.

ಇಷ್ಟಾದರೂ ಸಹಿಸಬಹುದಿತ್ತು. ಹೊನ್ನಾವರ ಕಡೆಯ ಪಂದ್ಯವೊಂದರಲ್ಲಿ ರೇಡಿನ ನಡುವೆ ತೊಡೆಯ ಪಟ್ಟಿ ಬಿಚ್ಚಿಕೊಂಡು ಮೊಣಕಾಲಿಗೆ ಇಳಿಯಿತು. ನಾನು ಒಂದು ಕೈಯಿಂದ ಅದನ್ನು ಎತ್ತಿ ಹಿಡಿದು ಇನ್ನೊಂದು ಕೈಯನ್ನು ಎದುರಾಳಿಯತ್ತ ಚಾಚುತ್ತಿರುವುದನ್ನು ಕಂಡು ಪ್ರೇಕ್ಷಕರು ಶಿಳ್ಳೆ ಹಾಕಿದರು. ಮುಂದಿನ ಪಂದ್ಯದಲ್ಲಿ ವೆಲ್ಕ್ರೋದ ಒರಟು ಅಂಚು ಎದುರಾಳಿಯ ಮುಂಗೈಯನ್ನು ತರಚಿತು, ರೆಫರಿ ಅದನ್ನು ಬಿಚ್ಚಿಟ್ಟು ಬರಲು ಹೇಳಿದರು. ಎಲ್ಲಕ್ಕಿಂತ ದೊಡ್ಡ ತೊಂದರೆ ನನಗೆ ತಡವಾಗಿ ಹೊಳೆಯಿತು. ಚಡ್ಡಿಯ ಕೆಳಗೆ ಕಪ್ಪು ಪಟ್ಟಿ ಕಂಡ ಕೂಡಲೇ ಎದುರು ತಂಡದವರಿಗೆ ನನ್ನ ಯಾವ ಕಾಲು ಕೆಟ್ಟಿದೆಯೆಂಬುದು ತಿಳಿದುಹೋಗುತ್ತಿತ್ತು, ಎರಡೂ ಮೂಲೆಯವರು ಅದೇ ಕಾಲಿಗೆ ಬೀಳುತ್ತಿದ್ದರು. ಗಾಯಕ್ಕೆ ಫಲಕ ಹಾಕಿಕೊಂಡು ತಿರುಗಲು 1,150 ರೂಪಾಯಿ ಕೊಟ್ಟಂತಾಗಿತ್ತು. ನಮಗೆ ಆಟ ಕಲಿಸಿದ ನಿವೃತ್ತ ಮಾಸ್ತರರು ಎಲ್ಲವನ್ನೂ ನೋಡಿ, “ತಮಾ, ಬೆಲ್ಟು ಕಟ್ಟಿದ್ದು ಗಾಯಕ್ಕಲ್ಲ, ನಿನ್ನ ಹೆದರಿಕೆಗೆ” ಎಂದರು. ಆಗ ಬೇಸರವಾಯಿತು, ಈಗ ಒಪ್ಪುತ್ತೇನೆ.

ಬಿಗಿಚಡ್ಡಿ ಈ ದೃಷ್ಟಿಯಿಂದ ಬೆಲ್ಟಿಗಿಂತ ಎಷ್ಟೋ ಮೇಲು. 550 ರೂಪಾಯಿಗೆ ಸಿಕ್ಕಿತು, ಜಾರುವುದಿಲ್ಲ, ರಾತ್ರಿ ಒಗೆದು ಫ್ಯಾನಿನ ಕೆಳಗೆ ಹಾಕಿದರೆ ಬೆಳಿಗ್ಗೆ ಆರಿರುತ್ತದೆ, ಮೇಲೆ ಆಟದ ಚಡ್ಡಿ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಎರಡು ಪಂದ್ಯಗಳ ನಡುವೆ ತೊಡೆಯನ್ನು ಬೆಚ್ಚಗಿಡುತ್ತದೆ. ಆದರೆ ಕಾಲು ಚಾಚಿದಾಗ ಹಿಡಿದುಕೊಳ್ಳುವ ನೋವಿಗೆ ಅದು ಏನನ್ನೂ ಮಾಡಲಿಲ್ಲ.

ಫೆಬ್ರವರಿಯ ಕೊನೆಗೆ ಫಿಸಿಯೋಥೆರಪಿಸ್ಟರ ಬಳಿ ಹೋದೆ. ಮೊದಲೇ ಹೋಗಬೇಕಿತ್ತು. ಅವರು ನನ್ನನ್ನು ಮಲಗಿಸಿ, ಮೊಣಕಾಲುಗಳ ನಡುವೆ ತಮ್ಮ ಮುಷ್ಟಿಯನ್ನಿಟ್ಟು ಒತ್ತಲು ಹೇಳಿದರು. ನೋವಿಗಿಂತ ಮೊದಲು ನನ್ನ ಗಮನಕ್ಕೆ ಬಂದದ್ದು ಒತ್ತಲು ಬಲವೇ ಇಲ್ಲದಿರುವುದು. ವಿಶ್ರಾಂತಿ ನೋವನ್ನು ತೆಗೆದಿತ್ತು, ಬೆಲ್ಟ್ ಅದನ್ನು ಮರೆಸಿತ್ತು, ಎರಡೂ ಸ್ನಾಯುವಿಗೆ ಬಲ ಕೊಟ್ಟಿರಲಿಲ್ಲ. ಡೆನ್ಮಾರ್ಕಿನಲ್ಲಿ ಬಹುಕಾಲದಿಂದ ಅಡಕ್ಟರ್ ನೋವಿದ್ದ 68 ಆಟಗಾರರನ್ನು ಎರಡು ಗುಂಪು ಮಾಡಿ ನಡೆಸಿದ, 1999ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಅವರು ಹೇಳಿದರು. ಬಲವರ್ಧನೆಯ ವ್ಯಾಯಾಮ ಮಾಡಿದವರಲ್ಲಿ 23 ಜನ ನೋವಿಲ್ಲದೆ ಮೊದಲಿನ ಮಟ್ಟದ ಆಟಕ್ಕೆ ಮರಳಿದರೆ, ಮಾಲೀಶು, ಲೇಸರ್, ಸ್ನಾಯು ಎಳೆಯುವಿಕೆಯಂತಹ ಚಿಕಿತ್ಸೆ ಪಡೆದವರಲ್ಲಿ ಮರಳಿದ್ದು ನಾಲ್ಕೇ ಜನ.

ಮೊದಲ ಎರಡು ವಾರ ಮಲಗಿ ಮೊಣಕಾಲುಗಳ ನಡುವೆ ವಾಲಿಬಾಲ್ ಒತ್ತುವುದಷ್ಟೇ. ಆಮೇಲೆ ಬೆಂಚು. ಪಕ್ಕಕ್ಕೆ ಮಲಗಿ ಮುಂಗೈಯನ್ನು ನೆಲಕ್ಕೂರಿ, ಮೇಲಿನ ಕಾಲಿನ ಮೊಣಕಾಲನ್ನು ಬೆಂಚಿನ ಮೇಲಿಟ್ಟು, ಅದರ ಬಲದಿಂದಲೇ ಸೊಂಟವನ್ನು ಎತ್ತಿ, ಕೆಳಗಿನ ಕಾಲನ್ನು ಬೆಂಚಿನವರೆಗೆ ತಂದು ನಿಧಾನವಾಗಿ ಇಳಿಸಬೇಕು. ಅದು ಸಲೀಸಾದ ಮೇಲೆ ಮೊಣಕಾಲಿನ ಬದಲು ಪಾದದ ಗಂಟನ್ನು ಬೆಂಚಿನ ಮೇಲಿಡಬೇಕು. ಹಿಡಿತ ದೂರವಾದಷ್ಟೂ ತೊಡೆಸಂದಿನ ಮೇಲೆ ಭಾರ ಹೆಚ್ಚು. ನೋವನ್ನು ಹತ್ತಕ್ಕೆ ಅಳೆದು ಮೂರನ್ನು ದಾಟಿದರೆ ಹಿಂದಿನ ಹಂತಕ್ಕೆ ಇಳಿಯಬೇಕೆಂಬುದು ನಿಯಮ. ಇದಕ್ಕೆ ಕೋಪನ್‌ಹೇಗನ್ ವ್ಯಾಯಾಮವೆಂದು ಹೆಸರು. ನಾರ್ವೆಯ 35 ಫುಟ್ಬಾಲ್ ತಂಡಗಳಲ್ಲಿ ಇದನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೊಡೆಸಂದಿನ ತೊಂದರೆಗಳ ಅಪಾಯ 41 ಶೇಕಡಾ ಕಡಿಮೆಯಾದದ್ದು ಕಂಡಿದೆ. ಅಲ್ಲಿ ಋತುವಿಗೆ ಮೊದಲು ವಾರಕ್ಕೆ ಮೂರು ಬಾರಿ, ಋತುವಿನಲ್ಲಿ ವಾರಕ್ಕೊಮ್ಮೆ ಮಾಡಿಸಿದ್ದರು.

ಇದಕ್ಕೂ ಕೊರತೆಗಳಿವೆ. ಮೊದಲ ವಾರ ತೊಡೆ ಎಷ್ಟು ನೋಯುತ್ತದೆಂದರೆ ಬಸ್ಸಿನ ಮೆಟ್ಟಿಲು ಹತ್ತುವುದೂ ಕಷ್ಟ. ನಮ್ಮ ಮನೆಯಲ್ಲಿ ಸರಿಯಾದ ಎತ್ತರದ ಬೆಂಚು ಇದ್ದದ್ದು ಒಂದೇ, ಅದರ ಮೇಲೆ ಅಮ್ಮ ಹಲಸಿನ ಹಪ್ಪಳದ ಚಾಪೆ ಹಾಸುತ್ತಾಳೆ. ಹಪ್ಪಳದ ಕಾಲ ಶುರುವಾದ ಮೇಲೆ ನಾನು ಸೂರ್ಯೋದಯಕ್ಕೆ ಮೊದಲೇ ವ್ಯಾಯಾಮ ಮುಗಿಸಿ, ಬೆಂಚನ್ನು ಒರೆಸಿ, ಅಂಗಳಕ್ಕೆ ಎತ್ತಿಡಬೇಕಾಗಿತ್ತು. ಕಾಲಿಟ್ಟ ಬೆಂಚಿನ ಮೇಲೆ ಹಪ್ಪಳವೇ ಎಂಬ ಅವಳ ಆಕ್ಷೇಪ ಈಗಲೂ ಮುಗಿದಿಲ್ಲ.

ಒಂಬತ್ತು ವಾರಗಳ ನಂತರ, ಏಪ್ರಿಲ್ ಕೊನೆಯ ಪಂದ್ಯಾವಳಿಯಲ್ಲಿ ಒಂದೇ ರಾತ್ರಿ ಮೂರು ಪಂದ್ಯ ಆಡಿದೆ. ಬೋನಸ್ಸಿಗೆ ಅದೇ ಬಲಗಾಲನ್ನು ಚಾಚಿದೆ. ಬೆಳಿಗ್ಗೆ ಬೈಕಿನ ಮೇಲೆ ಕಾಲು ಹಾಯಿಸಿ ನಾನೇ ಮನೆಗೆ ಬಂದೆ.

ನೋವಿನ ಇಂಜೆಕ್ಷನ್ ತೆಗೆದುಕೊಂಡು ಆಡುವವರೂ ನಮ್ಮಲ್ಲಿದ್ದಾರೆ. ನಾನು ತೆಗೆದುಕೊಂಡಿಲ್ಲವಾದ್ದರಿಂದ ಅದನ್ನು ಈ ಹೋಲಿಕೆಗೆ ತರುವುದಿಲ್ಲ. ಕೆಮ್ಮಿದಾಗಿನ ನೋವು ತಿಂಗಳುಗಟ್ಟಲೆ ಹಾಗೆಯೇ ಇದ್ದರೆ ಅಥವಾ ತೊಡೆಸಂದಿನಲ್ಲಿ ಉಬ್ಬು ಕಂಡರೆ ಬೆಂಚನ್ನು ನಂಬಿ ಕೂರದೆ ವೈದ್ಯರಿಗೆ ತೋರಿಸಬೇಕು.

ನನ್ನಂತೆ ಬೆಳಿಗ್ಗೆ ಬೇಗ ಏಳುವ ಅಭ್ಯಾಸವಿದ್ದು ಕೈಯಲ್ಲಿ ಸಾವಿರದೈನೂರು ರೂಪಾಯಿಯಷ್ಟೇ ಇರುವವರು 900 ರೂಪಾಯಿಯನ್ನು ಮೂರು ಭೇಟಿಗಳಿಗೆ ಕೊಟ್ಟು, ಉಳಿದದ್ದರಲ್ಲಿ ಒಂದು ಬಿಗಿಚಡ್ಡಿ ಕೊಳ್ಳಲಿ. ಈ ವರ್ಷ ನಾನು ಚೌತಿ ಮುಗಿದ ಮರುವಾರದಿಂದಲೇ ವಾರಕ್ಕೆ ಮೂರು ದಿನ ಬೆಂಚಿನ ವ್ಯಾಯಾಮ ಶುರುಮಾಡಿದ್ದೇನೆ. ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ, ಮನೆಯೊಳಗೆ ನಡೆದಾಡುವವರಿಗೆ ಬೆಲ್ಟಿನಿಂದ ಉಪಯೋಗವಾದೀತು. ಅಂಥವರು ಯಾರಾದರೂ ಕೇಳಿದರೆ ನನ್ನದನ್ನೇ ಪುಕ್ಕಟೆ ಕೊಡುತ್ತೇನೆ. ವೆಲ್ಕ್ರೋದೊಳಗಿನ ಮರಳನ್ನು ಅವರೇ ತೆಗೆದುಕೊಳ್ಳಬೇಕು.