ಬ್ಯಾಚ್ ಫೈಲಿನಲ್ಲಿ ಪ್ರಶ್ನೆ ಕೇಳೋಕೆ ಸೆಟ್ /ಪಿ ಒಳ್ಳೇದಾ, ಚಾಯ್ಸ್ ಒಳ್ಳೇದಾ?

ಹಳೇ ಬ್ಯಾಕಪ್ ಫೋಲ್ಡರ್ ಅಳಿಸಲು ವಿಂಡೋಸ್‌ನಲ್ಲಿ ಒಂದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಬರೆದಿದ್ದೆ. ಅಳಿಸುವ ಮುಂಚೆ ಒಂದು ಮಾತು ಕೇಳಬೇಕಿತ್ತು, ವೈ ಅಥವಾ ಎನ್, ಅಷ್ಟೇ. ಮೊದಲು ಕೈಗೆ ಸಿಕ್ಕಿದ್ದು ಸೆಟ್ /ಪಿ (set /p) ಕಮಾಂಡ್. ಒಂದೇ ಸಾಲಿನ ಕೆಲಸ. ಪ್ರಶ್ನೆ ತೋರಿಸುತ್ತದೆ, ನಾವು ಟೈಪ್ ಮಾಡಿದ್ದನ್ನು ವೇರಿಯಬಲ್‌ಗೆ, ಅಂದರೆ ಹೆಸರಿಟ್ಟ ಒಂದು ಡಬ್ಬಿಗೆ, ತುಂಬಿಕೊಳ್ಳುತ್ತದೆ.

ಒಂದು ದಿನ ಅದೇ ಕಮಾಂಡ್ ಪ್ರಾಂಪ್ಟ್ ವಿಂಡೋದಲ್ಲಿ ಫೈಲನ್ನು ಎರಡು ಸಲ ರನ್ ಮಾಡಿದೆ. ಮೊದಲ ಸಲ ವೈ ಎಂದಿದ್ದೆ. ಎರಡನೇ ಸಲ, ಇನ್ನೊಂದು ಫೋಲ್ಡರ್‌ಗೆ, ಬೇಡ ಅನ್ನಿಸಿ ಸುಮ್ನೆ ಎಂಟರ್ ಒತ್ತಿದೆ. ಫೋಲ್ಡರ್ ಹೋಯಿತು! ಬರೀ ಎಂಟರ್ ಒತ್ತಿದರೆ ಸೆಟ್ /ಪಿ ವೇರಿಯಬಲನ್ನು ಮುಟ್ಟುವುದೇ ಇಲ್ಲ. ಹಿಂದಿನ ವೈ ಅಲ್ಲೇ ಕೂತಿತ್ತು. ಪ್ರಶ್ನೆಗೆ ಮುಂಚೆ ವೇರಿಯಬಲ್‌ಗೆ ಎನ್ ತುಂಬಿಟ್ಟಿದ್ದರೆ ಈ ಗೋಳು ಇರುತ್ತಿರಲಿಲ್ಲ.

ಇನ್ನೊಂದು ಕಾಟ ಆವರಣದ್ದು. ಷರತ್ತು ನೋಡುವ ಇಫ್ (if) ಕಮಾಂಡ್‌ನ ಆವರಣದೊಳಗೆ ಸೆಟ್ /ಪಿ ಇಟ್ಟು, ಅಲ್ಲೇ % ಚಿಹ್ನೆ ಹಾಕಿ ಉತ್ತರ ಓದಿದರೆ ವೇರಿಯಬಲ್‌ನ ಹಳೇ ಮೌಲ್ಯವೇ ಸಿಗುತ್ತದೆ. ಆವರಣದೊಳಗಿನದ್ದನ್ನೆಲ್ಲ ಕಮಾಂಡ್ ಪ್ರಾಂಪ್ಟ್ ಒಂದೇ ಏಟಿಗೆ ಓದಿ, ಆಗಲೇ ಮೌಲ್ಯ ತುಂಬಿಬಿಡುತ್ತದೆ. ಡಿಲೇಯ್ಡ್ ಎಕ್ಸ್‌ಪ್ಯಾನ್ಶನ್ (ಸಾಲು ನಡೆಯುವಾಗ ಮೌಲ್ಯ ತುಂಬುವ ವ್ಯವಸ್ಥೆ) ಆನ್ ಮಾಡಿ % ಬದಲು ! ಬಳಸಬೇಕು. ಇದು ಗೊತ್ತಾಗೋಕೆ ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು.

ಆಮೇಲೆ ಚಾಯ್ಸ್ (choice) ಕಮಾಂಡ್‌ಗೆ ಬಂದೆ. ಇದು 1993ರ ಎಂಎಸ್-ಡಾಸ್ 6ರ ಕಾಲದ್ದು. ವಿಂಡೋಸ್ ಎಕ್ಸ್‌ಪಿಯಲ್ಲಿ ಇರಲಿಲ್ಲ, ವಿಸ್ಟಾದಲ್ಲಿ ಮತ್ತೆ ಬಂತು. ಎಂಟರ್ ಬೇಕಿಲ್ಲ, ಕೀ ಒತ್ತಿದರೆ ಮುಗಿಯಿತು. ನಾವು ಕೊಟ್ಟ ಕೀಗಳ ಪಟ್ಟಿಯಲ್ಲಿಲ್ಲದ್ದು ಒತ್ತಿದರೆ ಬೀಪ್ ಎಂದು ಬೈದು ಅಲ್ಲೇ ಕಾಯುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವನ್ನೂ ತಾನಾಗಿ ಮಾಡುವುದಿಲ್ಲ. ಸೆಟ್ /ಪಿ ಆದರೆ ಇಫ್ ಜೊತೆ /ಐ ಹಾಕಬೇಕು.

ಇದರಲ್ಲೂ ಒಂದು ಹಳ್ಳ ಇದೆ. ಉತ್ತರ ಎರರ್‌ಲೆವೆಲ್‌ಗೆ (ಕಮಾಂಡ್ ಮುಗಿದಾಗ ಬಿಟ್ಟುಹೋಗುವ ಅಂಕಿಗೆ) ಹೋಗುತ್ತದೆ: ಮೊದಲ ಕೀಗೆ 1, ಎರಡನೆಯದಕ್ಕೆ 2. ಆದರೆ ‘ಇಫ್ ಎರರ್‌ಲೆವೆಲ್ 1’ ಅಂದರೆ ‘1 ಅಥವಾ ಅದಕ್ಕಿಂತ ಜಾಸ್ತಿ’ ಅಂತ ಅರ್ಥ! ಹಾಗಾಗಿ 2 ಇದೆಯಾ ಎಂದು ಮೊದಲು ನೋಡಬೇಕು, 1 ಆಮೇಲೆ. ತಲೆಕೆಳಗು ಅನ್ನಿಸುತ್ತದೆ, ಅಲ್ವಾ?

ನನ್ನನ್ನು ಒಲಿಸಿದ್ದು /ಟಿ ಮತ್ತು /ಡಿ. ಇಷ್ಟು ಸೆಕೆಂಡ್ ಕಾಯಿ, ಯಾರೂ ಉತ್ತರಿಸದಿದ್ದರೆ ಇದನ್ನೇ ಆರಿಸಿಕೋ ಎನ್ನಬಹುದು. ಸೆಟ್ /ಪಿಗೆ ಆ ಬುದ್ಧಿ ಇಲ್ಲ, ಕೂತಲ್ಲೇ ಕೂತಿರುತ್ತದೆ.

ಪಾಝ್ (pause) ಕಮಾಂಡ್ ಪ್ರಶ್ನೆ ಕೇಳುವುದಲ್ಲ, ಬರೀ ತಡೆದು ನಿಲ್ಲಿಸುವುದು. ಪಾಸ್‌ವರ್ಡ್ ಕೇಳೋಕೆ ಎರಡೂ ಬೇಡ. ಸೆಟ್ /ಪಿ ಅಂತೂ ಅಕ್ಷರಗಳನ್ನೆಲ್ಲ ಪರದೆ ಮೇಲೇ ತೋರಿಸುತ್ತದೆ.

ಈಗ ಆ ಬ್ಯಾಕಪ್ ಫೈಲ್ ಚಾಯ್ಸ್‌ನಲ್ಲೇ ಕೇಳುತ್ತದೆ, 20 ಸೆಕೆಂಡ್ ಕಾದು ತಾನೇ ಎನ್ ಅನ್ನುತ್ತದೆ. ಫೋಲ್ಡರ್ ಹೆಸರು ಕೇಳುವ ಸಾಲು ಮಾತ್ರ ಇನ್ನೂ ಸೆಟ್ /ಪಿ. ಅದರ ಮೇಲಿನ ಸಾಲಿನಲ್ಲಿ ವೇರಿಯಬಲ್ ಖಾಲಿ ಮಾಡಿಟ್ಟಿದ್ದೇನೆ.